ಕಾಂಗ್ ಮನೆತನದ ಅಜ್ಜ-ಅಜ್ಜಿ

ನಿಮ್ಮ ಮನೆಯ ಮಕ್ಕಳು ವೀಡಿಯೋ ಗೇಮ್ ಆಡುತ್ತಿರುವಾಗ ಎಂದಾದರೂ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ನೋಡಿದ್ದೀರಾ ಸಹೋದರಿಯರೇ? "ಸಾಕು, ಟಿವಿ ಆಫ್ ಮಾಡು" ಎಂದು ಅಡುಗೆಮನೆಯಿಂದಲೇ ಕೂಗುವುದು ನಮ್ಮಲ್ಲಿ ಹೆಚ್ಚಿನವರಿಗೆ ರೂಢಿ. ಆ ಪರದೆಯೊಳಗೆ ಯಾರಿದ್ದಾರೆ, ಅವರು ಯಾವ ಮನೆಯವರು, ಏತಕ್ಕಾಗಿ ಓಡುತ್ತಿದ್ದಾರೆ ಎಂದು ಕೇಳಲು ನಮಗೆ ಬಿಡುವೆಲ್ಲಿದೆ? ನಾನು ಮದ್ರಸದಲ್ಲಿ ಕಲಿತು, ಬಳಿಕ ಬಿ.ಎ. ಮುಗಿಸಿ, ಮಕ್ಕಳಿಗೆ ಪಾಠ ಹೇಳುತ್ತಿರುವವಳು. ಮಕ್ಕಳು ಗಂಟೆಗಟ್ಟಲೆ ಪರದೆಯ ಮುಂದೆ ಕೂರುವುದನ್ನು ಮೆಚ್ಚುವವಳಲ್ಲ. ಆದರೆ ಕಳೆದ ರಜೆಯಲ್ಲಿ ದಮ್ಮಾಮಿನಿಂದ ಬಂದ ತಂಗಿಯ ಮಗ, ತನ್ನ ಅಬ್ಬಾ ಹಿಂದೆ ಕೊಂಡಿದ್ದ ಎರಡು ಹಳೆಯ ನಿಂಟೆಂಡೋ ಯಂತ್ರಗಳನ್ನು ನಮ್ಮ ಮನೆಗೆ ತಂದು ಜೋಡಿಸಿದಾಗ ನಾನೂ ಕುಳಿತು ನೋಡಿದೆ. ಅದರಲ್ಲಿ ನನಗೆ ಪರಿಚಯವಾದದ್ದು ಒಂದು ಕುಟುಂಬ. ಮಂಗಗಳ ಕುಟುಂಬ. ಮಾತು ಬಲ್ಲ, ಬುದ್ಧಿಯುಳ್ಳ, ಜಗಳವಾಡುವ, ಒಬ್ಬರನ್ನೊಬ್ಬರು ಬಿಟ್ಟುಕೊಡದ ಕಾಂಗ್ ಕುಟುಂಬ.

ಕಥೆ ಆರಂಭವಾಗುವುದು 1981ರಲ್ಲಿ, ಜಪಾನಿನ ನಿಂಟೆಂಡೋ ಕಂಪೆನಿಯಲ್ಲಿ. ಅಮೆರಿಕಕ್ಕೆ ಕಳುಹಿಸಿದ್ದ ಬೇರೊಂದು ಆಟದ ಸುಮಾರು 2000 ಯಂತ್ರಗಳು ಮಾರಾಟವಾಗದೆ ಗೋದಾಮಿನಲ್ಲಿ ಉಳಿದಿದ್ದವು. ಅವುಗಳಿಗೆ ಹೊಸದೊಂದು ಆಟ ತುಂಬಿಸುವ ಕೆಲಸ ಶಿಗೆರು ಮಿಯಾಮೊಟೊ ಎಂಬ ಯುವಕನ ಪಾಲಿಗೆ ಬಂತು. ಅವರು ಸೃಷ್ಟಿಸಿದ ಆಟವೇ 'ಡಾಂಕಿ ಕಾಂಗ್'. ಒಂದು ದೊಡ್ಡ ಗೊರಿಲ್ಲ ಹೆಣ್ಣೊಬ್ಬಳನ್ನು ಎತ್ತಿಕೊಂಡು ಅರೆಬರೆ ಕಟ್ಟಿದ ಕಟ್ಟಡದ ತುದಿಗೆ ಏರುತ್ತದೆ. ಕೆಳಗಿನಿಂದ ಬಡಗಿಯೊಬ್ಬ ಏಣಿ ಹತ್ತಿ ಹೋಗಿ ಅವಳನ್ನು ಬಿಡಿಸಬೇಕು. ಗೊರಿಲ್ಲ ಮೇಲಿನಿಂದ ಪೀಪಾಯಿಗಳನ್ನು ಉರುಳಿಸುತ್ತದೆ. ಆ ಬಡಗಿಯೇ ಮುಂದೆ ಜಗತ್ಪ್ರಸಿದ್ಧನಾದ ಮಾರಿಯೋ. ಗೊರಿಲ್ಲಕ್ಕೆ ಕತ್ತೆಯ ಹೆಸರೇಕೆ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಇಂಗ್ಲಿಷಿನಲ್ಲಿ ಡಾಂಕಿ ಎಂದರೆ ಹಠಮಾರಿ, ಮಂದಬುದ್ಧಿ ಎಂಬ ಧ್ವನಿ ಬರುತ್ತದೆಂದು ಮಿಯಾಮೊಟೊ ಭಾವಿಸಿದ್ದರಂತೆ. ಕಾಂಗ್ ಎಂದರೆ ಜಪಾನಿನಲ್ಲಿ ದೊಡ್ಡ ಗೊರಿಲ್ಲವೆಂದೇ ಜನರ ತಿಳುವಳಿಕೆ.

ಇಲ್ಲಿಯವರೆಗೆ ಇದು ಹಳೆಯ ಮಾದರಿಯ ಕಥೆಯೇ. ಒಬ್ಬ ದುಷ್ಟ, ಒಬ್ಬ ನಾಯಕ, ನಡುವೆ ಅಳುತ್ತಾ ನಿಂತ ಹೆಣ್ಣು. ಮರುವರ್ಷ ಬಂದ ಎರಡನೆಯ ಆಟ ನನ್ನನ್ನು ತಡೆದು ನಿಲ್ಲಿಸಿತು. 1982ರ 'ಡಾಂಕಿ ಕಾಂಗ್ ಜೂನಿಯರ್'ನಲ್ಲಿ ಮಾರಿಯೋ ಆ ಗೊರಿಲ್ಲವನ್ನು ಹಿಡಿದು ಪಂಜರದಲ್ಲಿ ಕೂಡಿಹಾಕಿದ್ದಾನೆ. ಈಗ ಆಡುವವನು ಆ ಗೊರಿಲ್ಲದ ಪುಟ್ಟ ಮಗ. ಬಳ್ಳಿಗಳನ್ನು ಹಿಡಿದು ಏರುತ್ತಾ, ಕಚ್ಚಲು ಬರುವ ಪ್ರಾಣಿಗಳಿಂದ ತಪ್ಪಿಸಿಕೊಳ್ಳುತ್ತಾ, ಕೀಲಿಕೈಗಳನ್ನು ಒಂದೊಂದಾಗಿ ಸರಪಳಿಗಳ ಮೇಲೆ ತಳ್ಳಿಕೊಂಡು ಹೋಗಿ ಬೀಗಗಳಿಗೆ ಸೇರಿಸಿ ತಂದೆಯನ್ನು ಬಿಡಿಸಬೇಕು. ನಿನ್ನೆಯ ನಾಯಕ ಇಂದು ಕಾವಲುಗಾರ. ನಿನ್ನೆಯ ದುಷ್ಟ ಇಂದು ಯಾರದೋ ಅಬ್ಬಾ. ಒಬ್ಬ ಮನುಷ್ಯ ಊರಿಗೆಲ್ಲ ಕೆಟ್ಟವನಾಗಿದ್ದರೂ ಅವನ ಮನೆಯ ಬಾಗಿಲಲ್ಲಿ ಅವನಿಗಾಗಿ ಕಾಯುವ ಮಗುವೊಂದು ಇರುತ್ತದೆ ಎಂಬುದನ್ನು ನಲುವತ್ತು ವರ್ಷಗಳ ಹಿಂದೆ ನಾಣ್ಯ ಹಾಕಿ ಆಡುವ ಯಂತ್ರವೊಂದು ಹೇಳಿತ್ತೆಂದರೆ ಆಶ್ಚರ್ಯವಲ್ಲವೇ?

ನಡುವೆ ಕೋರ್ಟು ಕಚೇರಿಯೂ ಆಯಿತು. ಕಿಂಗ್ ಕಾಂಗ್ ತನ್ನ ಸೊತ್ತು, ಇದು ಅದರ ನಕಲು ಎಂದು ಅಮೆರಿಕದ ಯುನಿವರ್ಸಲ್ ಚಿತ್ರಸಂಸ್ಥೆ 1982ರಲ್ಲಿ ದಾವೆ ಹೂಡಿತು. ಆದರೆ ಕಿಂಗ್ ಕಾಂಗ್ ಕಥೆ ಯಾರ ಸೊತ್ತೂ ಅಲ್ಲವೆಂದು ಅದೇ ಸಂಸ್ಥೆ ಅದಕ್ಕೂ ಮೊದಲು ಬೇರೊಂದು ಮೊಕದ್ದಮೆಯಲ್ಲಿ ವಾದಿಸಿತ್ತು! 1983ರಲ್ಲಿ ತೀರ್ಪು ನಿಂಟೆಂಡೋ ಪರವಾಗಿ ಬಂತು.

ಈ ಕುಟುಂಬ ನಿಜವಾಗಿ ಬೆಳೆದದ್ದು 1994ರಲ್ಲಿ. ಇಂಗ್ಲೆಂಡಿನ ಟ್ವೈಕ್ರಾಸ್ ಎಂಬ ಹಳ್ಳಿಯಲ್ಲಿ ರೇರ್ ಎಂಬ ಸಂಸ್ಥೆಯಿತ್ತು. ನಿಂಟೆಂಡೋ ಒಪ್ಪಿಗೆಯೊಂದಿಗೆ ಅವರು 'ಡಾಂಕಿ ಕಾಂಗ್ ಕಂಟ್ರಿ' ಎಂಬ ಆಟ ತಯಾರಿಸಿದರು. ಹತ್ತಿರದಲ್ಲೇ ಮೃಗಾಲಯ. ಅಲ್ಲಿಗೆ ಹೋಗಿ ಗೊರಿಲ್ಲಗಳ ನಡಿಗೆ ನೋಡಿದರಂತೆ, ಅದು ಆಟಕ್ಕೆ ಹೊಂದಲಿಲ್ಲ. ಕೊನೆಗೆ ಕುದುರೆಯ ಓಟವನ್ನು ನೋಡಿ ಗೊರಿಲ್ಲವನ್ನು ಓಡಿಸಿದರು! ಆಟದ ಪ್ರತಿಗಳು 90 ಲಕ್ಷಕ್ಕೂ ಮಿಕ್ಕಿ ಮಾರಾಟವಾದವು.

ಆ ಆಟದ ಮೊದಲ ದೃಶ್ಯವನ್ನು ನಾನು ತಂಗಿಯ ಮಗನಿಂದ ಮೂರು ಸಲ ಹಾಕಿಸಿಕೊಂಡು ನೋಡಿದೆ. 1981ರ ಅದೇ ಕಬ್ಬಿಣದ ತೊಲೆಗಳು. ಅವುಗಳ ಮೇಲೆ ಬಿಳಿ ಗಡ್ಡದ ಮುದಿ ಗೊರಿಲ್ಲವೊಂದು ಗ್ರಾಮಫೋನಿನ ಹಿಡಿ ತಿರುಗಿಸುತ್ತಾ ಹಳೆಯ ರಾಗ ಕೇಳುತ್ತಿದೆ. ಅಷ್ಟರಲ್ಲಿ ಮೇಲಿನಿಂದ ಎಳೆಯ ಗೊರಿಲ್ಲವೊಂದು ದೊಡ್ಡ ಟೇಪ್ ರೆಕಾರ್ಡರ್ ಹಿಡಿದು ಧುಮುಕಿ, ಮುದುಕನನ್ನು ಪಕ್ಕಕ್ಕೆ ತಳ್ಳಿ ಅಬ್ಬರದ ಸಂಗೀತಕ್ಕೆ ಕುಣಿಯತೊಡಗುತ್ತದೆ. ಆ ಮುದುಕನೇ ಕ್ರ್ಯಾಂಕಿ ಕಾಂಗ್. ಅವನು ಬೇರೆ ಯಾರೂ ಅಲ್ಲ, ಪೀಪಾಯಿ ಉರುಳಿಸುತ್ತಿದ್ದ ಹಳೆಯ ಡಾಂಕಿ ಕಾಂಗ್! ಈಗ ಕೋಲು ಹಿಡಿದಿದ್ದಾನೆ. ಗುಡಿಸಲಲ್ಲಿ ತೂಗುಕುರ್ಚಿಯ ಮೇಲೆ ಕುಳಿತು, ನಮ್ಮ ಕಾಲದ ಆಟಗಳ ಮುಂದೆ ಇವೆಲ್ಲ ಏನು, ಬರೀ ಬಣ್ಣ ಬೆಡಗು ಎಂದು ಬಂದವರನ್ನೆಲ್ಲ ಗದರುತ್ತಾನೆ. ಹೆಸರು ಮಾತ್ರ ಎಳೆಯವನಿಗೆ ಹೋಗಿದೆ. ಆ ಎಳೆಯವನು ಇವನ ಮಗನೋ ಮೊಮ್ಮಗನೋ ಎಂಬುದರಲ್ಲಿ ಆಟಗಳಲ್ಲೇ ಒಮ್ಮತವಿಲ್ಲ. ಒಂದು ಕಡೆ ಹಾಗೆ, ಇನ್ನೊಂದು ಕಡೆ ಹೀಗೆ.

ಇಲ್ಲೊಂದು ವಿಷಯವನ್ನು ಗಮನಿಸಿ. ಅದೇ 1981ರಲ್ಲಿ ಹುಟ್ಟಿದ ಮಾರಿಯೋ ಇಂದಿಗೂ ಹಾಗೆಯೇ ಇದ್ದಾನೆ. ಒಂದು ಕೂದಲು ಬೆಳ್ಳಗಾಗಿಲ್ಲ. ವಯಸ್ಸಾದದ್ದು ಅವನ ಎದುರಾಳಿಗೆ ಮಾತ್ರ. ಸಿನಿಮಾ, ಜಾಹೀರಾತು, ಆಟ, ಎಲ್ಲೆಲ್ಲೂ ಯೌವನವನ್ನೇ ಮಾರುವ ಈ ಕಾಲದಲ್ಲಿ ತನ್ನ ಪಾತ್ರವೊಂದಕ್ಕೆ ಮುಪ್ಪು ಬರಲು ಬಿಟ್ಟು, ಮುಪ್ಪು ಬಂದ ಬಳಿಕ ಅವನನ್ನು ಮನೆಯಿಂದ ಹೊರಹಾಕದೆ, ಕುರ್ಚಿ ಕೊಟ್ಟು ಕೂರಿಸಿ, ಅವನ ಬೈಗುಳವನ್ನೂ ಕೇಳಿಸಿಕೊಳ್ಳುವ ಆಟಗಳು ಎಷ್ಟಿವೆ?

ನಮ್ಮ ಮಾವನವರಿಗೆ ಎಂಬತ್ತರ ಹತ್ತಿರ. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಕ್ಕಳು ಟಿವಿ ಹಾಕಿದರೆ ಅವರು ಎದ್ದು ಜಗಲಿಗೆ ಹೋಗುವುದು ವಾಡಿಕೆ. ಒಂದು ದಿನ ಕ್ರ್ಯಾಂಕಿಯ ಗುಡಿಸಲು ಬಂದಾಗ "ಆ ಮುದುಕ ಏನು ಹೇಳುತ್ತಿದ್ದಾನೆ?" ಎಂದು ಕೇಳಿದರು. ತಂಗಿಯ ಮಗ ಅರ್ಥ ಹೇಳಿದ. "ಸರಿಯಾಗಿಯೇ ಹೇಳಿದ್ದಾನೆ" ಎಂದು ಅಲ್ಲೇ ಕುಳಿತುಬಿಟ್ಟರು. 1995ರಲ್ಲಿ 'ಡಾಂಕಿ ಕಾಂಗ್ ಲ್ಯಾಂಡ್' ಎಂಬ ಇನ್ನೊಂದು ಆಟ ಬಂದಿತ್ತು, ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರಕ್ಕೆ. ಅದರ ಕಥೆಯೇ ಈ ಮುದುಕನ ಪಂಥ. ನೀವು ಗೆದ್ದದ್ದು ಚಂದದ ಚಿತ್ರಗಳ ಬಲದಿಂದ, ಬಣ್ಣವಿಲ್ಲದ ಸಣ್ಣ ಪರದೆಯಲ್ಲಿ ಗೆದ್ದು ತೋರಿಸಿ ಎನ್ನುತ್ತಾನೆ. ಇದನ್ನು ಕೇಳಿ ಮಾವನವರು ಜೋರಾಗಿ ನಕ್ಕರು. ಲಾಟೀನಿನ ಬೆಳಕಿನಲ್ಲಿ ಓದಿದ ತಮ್ಮ ಕಥೆಯನ್ನು ಅಂದು ಮಕ್ಕಳು ಪೂರ್ತಿ ಕೇಳಿದರು. ಅದಕ್ಕೂ ಮೊದಲು ಎಷ್ಟು ಸಲ ಹೇಳಿದ್ದರೋ!

ಅಜ್ಜನಷ್ಟೇ ಅಲ್ಲ, ಅಜ್ಜಿಯೂ ಇದ್ದಾಳೆ. 1995ರ ಎರಡನೆಯ 'ಕಂಟ್ರಿ' ಆಟದಲ್ಲಿ ಕ್ರ್ಯಾಂಕಿಯ ಹೆಂಡತಿ ರಿಂಕ್ಲಿ ಕಾಂಗ್ ಬರುತ್ತಾಳೆ. ಸುಕ್ಕುಗಟ್ಟಿದವಳು ಎಂದು ಹೆಸರಿನ ಅರ್ಥ. ಅವಳು ಶಾಲೆ ನಡೆಸುವ ಶಿಕ್ಷಕಿ! ದಾರಿಯಲ್ಲಿ ದಣಿದ ಮಕ್ಕಳು ಅವಳ ಶಾಲೆಗೆ ಬಂದು ಬುದ್ಧಿಮಾತು ಕೇಳುತ್ತಾರೆ. ಅಲ್ಲಿಯವರೆಗೆ ಆಡಿದ್ದನ್ನು ಕಾಪಾಡಿ ಇಡುವುದೂ ಅವಳ ಶಾಲೆಯಲ್ಲೇ. ಅಂದರೆ ಅಜ್ಜಿಯನ್ನು ಕಾಣದೆ ಮುಂದೆ ಹೋಗಿ ಯಂತ್ರ ಆರಿಸಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. (ಮೊದಲ ಸಲ ಉಚಿತ, ನಂತರ ಬಾಳೆಹಣ್ಣಿನ ನಾಣ್ಯ ಕೊಡಬೇಕು. ಶಿಕ್ಷಕಿಯರಿಗೂ ಸಂಬಳ ಬೇಕಲ್ಲವೇ!)

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಅದೇ ಆಟದಲ್ಲಿ ಡಾಂಕಿಯನ್ನು ಮೊಸಳೆಗಳ ರಾಜ ಹೊತ್ತೊಯ್ದಿರುತ್ತಾನೆ. ಬಿಡಿಸಲು ಹೊರಟ ಪುಟ್ಟ ಡಿಡ್ಡಿಯ ಜೊತೆಗೆ ಡಿಕ್ಸಿ ಎಂಬ ಹುಡುಗಿ. ಉದ್ದನೆಯ ಜಡೆ ಸುತ್ತಿಸಿ ಗಾಳಿಯಲ್ಲಿ ತೇಲುವುದು ಅವಳ ವಿದ್ಯೆ. 1996ರ ಮೂರನೆಯ ಆಟದಲ್ಲಂತೂ ಹುಡುಗರಿಬ್ಬರೂ ಕಾಣೆಯಾಗಿ, ಅವಳೇ ಹಾಲುಗಲ್ಲದ ತಮ್ಮ ಕಿಡ್ಡಿಯನ್ನು ಕಟ್ಟಿಕೊಂಡು ಹೊರಡುತ್ತಾಳೆ. ಚಿಕ್ಕಪ್ಪನ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಮನೆಗೆಲಸ ಮಾಡಿ ಬೆಳೆದ ಅಕ್ಕಂದಿರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಕ್ಯಾಂಡಿ ಎಂಬ ಇನ್ನೊಂದು ಹೆಣ್ಣು ಪಾತ್ರವಿದೆ. ಅವಳ ಉಡುಪು ನನಗೆ ಹಿಡಿಸಲಿಲ್ಲ, ಮಕ್ಕಳ ಆಟಕ್ಕೆ ಅದರ ಅಗತ್ಯವೂ ಇರಲಿಲ್ಲ. ಇನ್ನೊಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಅಜ್ಜ, ಅಜ್ಜಿ, ಅಣ್ಣ, ತಂಗಿ, ಗೆಳೆಯರು, ಕೂಸು, ಎಲ್ಲರೂ ಇರುವ ಈ ಮನೆಯಲ್ಲಿ ತಾಯಿಯೇ ಇಲ್ಲ. ಪಂಜರದ ಬೀಗ ತೆರೆಯಲು ಹೋದ ಆ ಮಗುವಿನ ತಾಯಿ ಎಲ್ಲಿದ್ದಳು ಎಂದು ಆಟ ಕಟ್ಟಿದವರು ಯಾಕೆ ಯೋಚಿಸಲಿಲ್ಲವೋ. ಈ ಪ್ರಶ್ನೆ ತಂಗಿಯ ಮಗನಿಗೂ ಅದುವರೆಗೆ ಹೊಳೆದಿರಲಿಲ್ಲವಂತೆ.

1999ರ 'ಡಾಂಕಿ ಕಾಂಗ್ 64' ಆಡುತ್ತಿದ್ದಾಗ ನಡೆದ ಮಾತನ್ನು ನಿಮಗೆ ಹೇಳಲೇಬೇಕು. ಆ ಆಟದಲ್ಲಿ ರಿಂಕ್ಲಿ ಅಜ್ಜಿ ಬದುಕಿಲ್ಲ. ಹೇಗೆ ತೀರಿಕೊಂಡಳೆಂದು ಆಟ ಹೇಳುವುದಿಲ್ಲ. ಒಳಹೋಗುವ ಜಾಗದಲ್ಲಿ ಅವಳ ಮುಖದ ಬಾಗಿಲುಗಳಿವೆ. ಅವುಗಳ ಬಳಿ ಹೋದರೆ ಅವಳ ನೆರಳಿನಂಥ ರೂಪ ಹೊರಬಂದು, ಮುಂದೆ ಹೇಗೆ ಹೋಗಬೇಕೆಂದು ಮಕ್ಕಳಿಗೆ ಸುಳಿವು ಕೊಡುತ್ತದೆ.

ನನ್ನ ಕಿರಿಯ ಮಗನಿಗೆ ಎಂಟು ವರ್ಷ. ಅವನ ದಾದಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ನನ್ನ ಅತ್ತೆಯವರು ಓಣಿಯ ಹೆಣ್ಣುಮಕ್ಕಳಿಗೆ ಅಸರ್ ನಮಾಝಿನ ಬಳಿಕ ನಮ್ಮ ಜಗಲಿಯಲ್ಲೇ ಕುರ್‌ಆನ್ ಓದಲು ಕಲಿಸುತ್ತಿದ್ದರು. ಪದವಿ ಇರಲಿಲ್ಲ, ಸಂಬಳವೂ ಇರಲಿಲ್ಲ. ಪರದೆಯ ಮೇಲೆ ಆ ಅಜ್ಜಿಯನ್ನು ಕಂಡು ಮಗ ಕೈಯಲ್ಲಿದ್ದುದನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದ. "ಅಮ್ಮಿ, ದಾದಿಯೂ ಹೀಗೆ ಬಾಗಿಲಲ್ಲಿ ಇರ್ತಾರಾ?"

ಮದ್ರಸದಲ್ಲಿ ಕಲಿತವಳಿಗೆ ಇದರ ಉತ್ತರ ಕಷ್ಟವೇನಲ್ಲ. "ಇಲ್ಲ ಮಗಾ, ತೀರಿಕೊಂಡವರು ಹೀಗೆ ತಿರುಗಾಡುವುದಿಲ್ಲ. ದಾದಿ ಅಲ್ಲಾಹನ ಬಳಿಗೆ ಹೋಗಿದ್ದಾರೆ. ಇದು ಆಟ ಕಟ್ಟಿದವರ ಕಲ್ಪನೆ" ಎಂದೆ. ಅವನು ಬಿಡಲಿಲ್ಲ. "ಹಾಗಾದರೆ ಅವಳನ್ನು ಯಾಕೆ ಇಟ್ಟರು?"

ಇದಕ್ಕೆ ಉತ್ತರ ಕೊಟ್ಟವನು ತಂಗಿಯ ಮಗ. "ಮೊದಲೆರಡು ಆಟಗಳಲ್ಲಿ ಅವಳ ಮಾತು ಕೇಳಿ ಅಭ್ಯಾಸವಾಗಿತ್ತಲ್ಲ, ತಮ್ಮಾ. ದಾರಿ ತಪ್ಪಿದರೆ ಎಲ್ಲರಿಗೂ ಅವಳ ನೆನಪೇ ಆಗ್ತಿತ್ತು."

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ ತನ್ನ ಗಂಟಲಿನ ಮೇಲೆ ಬೆರಳಿಟ್ಟು, "ಐನ್ ಹೇಳುವಾಗ ದಾದಿ ಇಲ್ಲಿ ಬೆರಳು ಇಡ್ತಿದ್ರು. ಇಲ್ಲಿಂದ ಬರಬೇಕು ಅಂತಿದ್ರು" ಎಂದ. ಆ ಅಕ್ಷರ ಅವನ ಬಾಯಲ್ಲಿ ಈಗಲೂ ಸ್ಪಷ್ಟವಾಗಿ ಬರುತ್ತದೆ, ನನ್ನ ದೊಡ್ಡ ಮಗನಿಗಿಂತ ಚೆನ್ನಾಗಿ. ಆ ಸಂಜೆ ಆಟ ಮುಂದುವರಿಯಲಿಲ್ಲ. ಮಾವನವರು ಎದ್ದು ವುಝೂ ಮಾಡಲು ಹೋದರು.

ಮುಂದಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2002ರಲ್ಲಿ ರೇರ್ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಕಾಂಗ್ ಕುಟುಂಬ ಮಾತ್ರ ನಿಂಟೆಂಡೋ ಬಳಿಯೇ ಉಳಿಯಿತು. 2010ರಲ್ಲಿ ಅಮೆರಿಕದ ಟೆಕ್ಸಸ್‌ನ ರೆಟ್ರೋ ಸ್ಟುಡಿಯೋಸ್ ಅದನ್ನು ಮತ್ತೆ ಎದ್ದು ನಿಲ್ಲಿಸಿತು. 2023ರ ಮಾರಿಯೋ ಚಲನಚಿತ್ರದಲ್ಲಿ ಕ್ರ್ಯಾಂಕಿಯನ್ನು ಡಾಂಕಿಯ ತಂದೆಯೆಂದೇ ತೋರಿಸಿದರು. 2025ರ ಜುಲೈಯಲ್ಲಿ ಬಂದ 'ಡಾಂಕಿ ಕಾಂಗ್ ಬನಾಂಝಾ'ದಲ್ಲಿ, ಹಿಂದೆ ಕಟ್ಟಡದ ತುದಿಯಲ್ಲಿ ಸೆರೆಯಾಗಿದ್ದ ಹೆಣ್ಣಿನ ಹೆಸರಿನವಳೇ ಆದ ಪೌಲಿನ್ ಎಂಬ ಹದಿಮೂರರ ಹುಡುಗಿ ಗೊರಿಲ್ಲದ ಹೆಗಲೇರಿ ಕುಳಿತು ಜೊತೆಗೆ ಪ್ರಯಾಣಿಸುತ್ತಾಳೆ. ಹೊತ್ತೊಯ್ದವನ ಹೆಗಲು ಇಷ್ಟು ವರ್ಷಗಳ ಬಳಿಕ ಹೀಗೂ ಉಪಯೋಗಕ್ಕೆ ಬಂತು.

ಮಾವನವರಿಗೆ ಹಿಡಿಸಿದ್ದು 2014ರ 'ಟ್ರಾಪಿಕಲ್ ಫ್ರೀಝ್' ಆಟದ ಸಂಗತಿ. ಅದರಲ್ಲಿ ಕ್ರ್ಯಾಂಕಿ ಕುರ್ಚಿ ಬಿಟ್ಟೆದ್ದು ಮೊಮ್ಮಕ್ಕಳ ಜೊತೆ ತಾನೂ ಹೊರಡುತ್ತಾನೆ. ಕೋಲನ್ನು ನೆಲಕ್ಕೆ ಊರಿ ಚಂಗನೆ ನೆಗೆಯುತ್ತಾನೆ. ಎಳೆಯರು ಕಾಲಿಡಲಾಗದ ಮುಳ್ಳುಗಳ ಮೇಲೂ ಅವನ ಕೋಲು ನೆಗೆಯುತ್ತದೆ, ಅವನಿಗೆ ಏನೂ ಆಗುವುದಿಲ್ಲ. ತಂಗಿಯ ಮಗ ಮೊಬೈಲಿನಲ್ಲಿ ತೋರಿಸಿದಾಗ ಮಾವನವರು ಗೋಡೆಗೆ ಒರಗಿಸಿದ್ದ ತಮ್ಮ ಕೋಲನ್ನು ನೋಡಿ, "ಇದು ಬಾತ್‌ರೂಮಿನವರೆಗೆ ತಲುಪಿಸಿದರೆ ಸಾಕು" ಎಂದರು.

ರಜೆ ಮುಗಿದು ಹೊರಡುವಾಗ, ಮುಂದಿನ ಸಲ ಹೊಸ ಆಟ ತರುತ್ತೇನೆ ಎಂದ ಹುಡುಗ.

"ಅದರಲ್ಲಿ ಆ ಕೋಲಿನ ಮುದುಕ ಇದ್ದಾನಾ?" ಎಂದು ಕೇಳಿದರು ಮಾವನವರು.

"ಇದ್ದಾನೆ ದಾದಾ."

"ಹಾಗಾದರೆ ತಾ."