ಐದು ತಿಂಗಳ ಊರು

ಹಿಮದ ಬೆಟ್ಟಕ್ಕೆ ಹೋಗುವವರಲ್ಲಿ ಎರಡು ಬಗೆಯುಂಟು. ಒಂದು ವಾರದ ಮಟ್ಟಿಗೆ ಹೋಗಿ ಬರುವವರು ಮೊದಲನೆಯವರು. ಋತುವಿಡೀ ಅಲ್ಲಿಯೇ ಇದ್ದುಬಿಡಲೆಂದು ಹೋಗುವವರು ಎರಡನೆಯವರು. ಪಾದಗಳಿಗೆ ಉದ್ದನೆಯ ಹಲಗೆಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುತ್ತ ಇಳಿಯುವ ಸ್ಕೀ ಆಟ ಇಬ್ಬರಿಗೂ ಒಂದೇ. ಆದರೆ ಊರನ್ನು ಆರಿಸುವ ರೀತಿ ಒಂದೇ ಆಗಲಾರದು. ವಾರದ ಅತಿಥಿ ತಲೆಯೆತ್ತಿ ಶಿಖರವನ್ನು ನೋಡುತ್ತಾನೆ: ಎಷ್ಟು ಎತ್ತರ, ಎಷ್ಟು ಉದ್ದದ ಜಾಡು, ಎಷ್ಟು ಲಿಫ್ಟು ಎಂದು ಲೆಕ್ಕ ಹಾಕುತ್ತಾನೆ. ಡಿಸೆಂಬರಿನಿಂದ ಏಪ್ರಿಲಿನವರೆಗೆ ಅಲ್ಲಿಯೇ ದುಡಿದು ಉಣ್ಣಬೇಕಾದವನು ಬೆಟ್ಟದ ಬುಡದಲ್ಲಿರುವ ಊರನ್ನು ನೋಡಬೇಕು: ಮಲಗುವುದೆಲ್ಲಿ, ಮಾಡುವ ಕೆಲಸವೇನು, ಜ್ವರ ಬಂದರೆ ನೋಡುವವರು ಯಾರು? ಹದಿನೆಂಟರ ವಯಸ್ಸಿಗೆ ಈ ಎರಡನೆಯ ನೋಟ ಸುಲಭವಾಗಿ ಒದಗುವುದಲ್ಲ.

ಇಂಗ್ಲೆಂಡಿನಲ್ಲಿ ಶಾಲೆ ಮುಗಿಸಿದ ಹುಡುಗ ಹುಡುಗಿಯರು ವಿಶ್ವವಿದ್ಯಾನಿಲಯವನ್ನು ಸೇರುವ ಮುನ್ನ ಒಂದು ವರ್ಷ ಬಿಡುವು ಪಡೆಯುವ ವಾಡಿಕೆಯುಂಟು. ‘ಗ್ಯಾಪ್ ಇಯರ್’ ಎಂದು ಅದಕ್ಕೆ ಹೆಸರು. ದೊರೆತ ಸ್ಥಾನವನ್ನು ಒಂದು ವರ್ಷ ಕಾದಿರಿಸಿಕೊಡಿರೆಂದು ಕೇಳಿಕೊಂಡರೆ ಅನೇಕ ವಿಶ್ವವಿದ್ಯಾನಿಲಯಗಳು ಒಪ್ಪುತ್ತವೆ. ಮ್ಯಾಂಚೆಸ್ಟರಿನ ಹೊರವಲಯದಲ್ಲಿ ನೆಲೆಸಿದ ಮೈಸೂರು ಮೂಲದ ವೈದ್ಯ ದಂಪತಿಗಳ ಮಗಳು ಈ ವಾಡಿಕೆಯನ್ನು ತಾನೂ ಅನುಸರಿಸುವೆನೆಂದು ಪ್ರಕಟಿಸಿದ್ದು 2024ರ ಅಕ್ಟೋಬರಿನಲ್ಲಿ, ಹದಿನೆಂಟು ತುಂಬಿದ ವಾರದಲ್ಲಿಯೇ. ಒಂದು ಚಳಿಗಾಲವನ್ನು ಯಾವುದಾದರೂ ಹಿಮದ ಊರಿನಲ್ಲಿ ಕೆಲಸ ಮಾಡುತ್ತ, ಸ್ಕೀ ಕಲಿಯುತ್ತ ಕಳೆಯಬೇಕೆಂಬುದು ಅವಳ ಬಯಕೆ. ಮ್ಯಾಂಚೆಸ್ಟರಿನ ಕಟ್ಟಡವೊಂದರೊಳಗೆ ಹಿಮ ಹಾಸಿ ಮಾಡಿದ ಇಳಿಜಾರಿನಲ್ಲಿ ಅವಳು ಮೂರು ವರ್ಷ ಆಡಿದ್ದಳು. ಶಾಲೆಯವರೊಂದಿಗೆ ಒಮ್ಮೆ ಆಲ್ಪ್ಸ್ ಪರ್ವತಕ್ಕೂ ಹೋಗಿಬಂದಿದ್ದಳು.

ಸುದ್ದಿ ಮೈಸೂರನ್ನು ಮುಟ್ಟಲು ತಡವಾಗಲಿಲ್ಲ. “ಒಂದು ವರ್ಷ ದಂಡವಲ್ಲವೇನೋ ಮಗು?” ಎಂದು ಅಜ್ಜಿ ದೂರವಾಣಿಯಲ್ಲಿ ಮಗನನ್ನು ಕೇಳಿದರು. ಮಗನಿಗೆ ಉತ್ತರ ಹೊಳೆಯಲಿಲ್ಲ. ಅವರ ಕಾಲದಲ್ಲಿ ವರ್ಷ ಕಳೆದುಕೊಳ್ಳುವುದೆಂದರೆ ಪರೀಕ್ಷೆಯಲ್ಲಿ ನಪಾಸಾಗುವುದು ಎಂದೇ ಅರ್ಥ. ಬೇಡವೆನ್ನುವುದಕ್ಕೂ ಅವರ ಮನಸ್ಸು ಒಪ್ಪಲಿಲ್ಲ. “ಎಲ್ಲಿಗೆ, ಏಕೆ ಎಂಬುದನ್ನು ಬರೆದು ತೋರಿಸು, ಆಮೇಲೆ ಮಾತನಾಡೋಣ” ಎಂದು ಮಗಳಿಗೆ ಹೇಳಿದರು.

ಅವಳ ಮೊದಲನೆಯ ಪಟ್ಟಿ ಶಿಖರಗಳ ಪಟ್ಟಿಯಾಗಿತ್ತು. 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರದ ಕೆಳಗಿನ, ಪೆಟ್ರೋಲ್ ಕಾರುಗಳ ಸಂಚಾರವೇ ಇಲ್ಲದ ಸ್ವಿಸ್ ಗ್ರಾಮ ಝೆರ್ಮಾಟ್. 1924ರಲ್ಲಿ ಮೊಟ್ಟಮೊದಲ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದ ಫ್ರಾನ್ಸಿನ ಶಾಮೊನಿ. ಮೂರು ಕಣಿವೆಗಳನ್ನು ಲಿಫ್ಟುಗಳಿಂದ ಬೆಸೆದು ಸುಮಾರು 600 ಕಿಲೋಮೀಟರ್ ಜಾಡುಗಳನ್ನು ಒಂದಾಗಿಸಿರುವ ಮೆರಿಬೆಲ್ ಪ್ರದೇಶ. 1,850 ಮೀಟರ್ ಎತ್ತರದ ವಾಲ್ ದಿಜೇರ್. ಜಪಾನಿನ ಹೊಕ್ಕೈಡೊ ದ್ವೀಪದ ನಿಸೆಕೊ ಸಹ ಅದರಲ್ಲಿತ್ತು. ಸೈಬೀರಿಯದ ಒಣ ಶೀತಗಾಳಿ ಜಪಾನ್ ಸಮುದ್ರವನ್ನು ದಾಟುವಾಗ ತೇವವನ್ನು ಹೀರಿಕೊಂಡು ಬಂದು ಆ ಬೆಟ್ಟಗಳ ಮೇಲೆ ಹತ್ತಿಯಂಥ ಹಗುರವಾದ ಹಿಮವನ್ನು ರಾಶಿರಾಶಿಯಾಗಿ ಸುರಿಯುತ್ತದೆ. ಆದರೆ ಮೊಣಕಾಲುದ್ದದ ಮೆದು ಹಿಮ ಪಳಗಿದವರಿಗೆ ಸ್ವರ್ಗವಾದರೆ, ಕಲಿಯುವವರಿಗೆ ಕೆಸರುಗದ್ದೆಯಂತೆ ಕಾಲು ಹಿಡಿಯುತ್ತದೆ. ನಿಸೆಕೊ ಪಟ್ಟಿಯಿಂದ ಕೆಳಗಿಳಿಯಿತು.

ಎತ್ತರದ ಮಾತು ಬರೀ ಹೆಮ್ಮೆಯ ಮಾತಲ್ಲವೆಂಬುದನ್ನು ತಂದೆಯೂ ಒಪ್ಪಿದರು. 2022ರ ಡಿಸೆಂಬರಿನ ಕೊನೆಯಲ್ಲಿ, 2023ರ ಮೊದಲ ದಿನಗಳಲ್ಲಿ, ಆಲ್ಪ್ಸ್ ಪ್ರದೇಶದಲ್ಲಿ ಅಕಾಲದ ಬೆಚ್ಚನೆ ಹವೆ ಬಂದು ತಗ್ಗಿನ ಅನೇಕ ಊರುಗಳಲ್ಲಿ ಜಾಡುಗಳನ್ನು ಮುಚ್ಚಬೇಕಾಯಿತು. ಹಸುರು ಹುಲ್ಲಿನ ನಡುವೆ ಯಂತ್ರದಿಂದ ಮಾಡಿದ ಹಿಮದ ಬಿಳಿಯ ಪಟ್ಟಿಯೊಂದೇ ಉಳಿಯಿತು. ವಾರದ ಅತಿಥಿ ಬೇರೆ ಊರಿಗೆ ಹೋದಾನು. ಅಲ್ಲಿ ಕೆಲಸಕ್ಕೆ ನಿಂತವನ ಗತಿಯೇನು? ಹಿಮವಿಲ್ಲವಾದರೆ ಅತಿಥಿಗಳಿಲ್ಲ, ಅತಿಥಿಗಳಿಲ್ಲವಾದರೆ ಕೆಲಸವಿಲ್ಲ. ಆದುದರಿಂದ ಊರು ಸಾಕಷ್ಟು ಎತ್ತರದಲ್ಲಿರಬೇಕು, ಇಲ್ಲವೆ ಸಾಕಷ್ಟು ಚಳಿಯ ಸೀಮೆಯಲ್ಲಿರಬೇಕು. ಉತ್ತರಕ್ಕೆ ಮುಖಮಾಡಿದ ಇಳಿಜಾರುಗಳಿದ್ದರೆ ಬಿಸಿಲಿಗೆ ಹಿಮ ಬೇಗ ಕರಗದು. ಇದು ಪಟ್ಟಿಯ ಮೊದಲ ನಿಯಮವಾಯಿತು.

ಎರಡನೆಯ ನಿಯಮವನ್ನು ಪರ್ವತಗಳು ಮಾಡಲಿಲ್ಲ, ಪಾಸ್‌ಪೋರ್ಟು ಮಾಡಿತು. ಆಲ್ಪ್ಸ್ ಪರ್ವತದ ಚಳಿಗಾಲವನ್ನು ವಿಹಾರಕಾಲವನ್ನಾಗಿ ಮಾಡಿದುದರಲ್ಲಿ ಬ್ರಿಟಿಷರ ಪಾಲು ಸಣ್ಣದಲ್ಲ. 1864ರಲ್ಲಿ ಸೇಂಟ್ ಮಾರಿಟ್ಸ್‌ನ ಹೋಟೆಲುಗಾರ ಯೋಹಾನ್ನೆಸ್ ಬದ್ರುಟ್ ತನ್ನ ಬೇಸಗೆಯ ಇಂಗ್ಲಿಷ್ ಅತಿಥಿಗಳಿಗೆ, ಚಳಿಗಾಲದಲ್ಲಿಯೂ ಬಂದು ನೋಡಿ, ಮೆಚ್ಚದಿದ್ದರೆ ಪ್ರಯಾಣದ ಖರ್ಚು ನನ್ನದು ಎಂದು ಪಂಥ ಕಟ್ಟಿದನೆಂಬ ಕಥೆ ಪ್ರಸಿದ್ಧವಾಗಿದೆ. 1922ರಲ್ಲಿ ಮ್ಯೂರೆನ್‌ನಲ್ಲಿ ಆಧುನಿಕ ಸ್ಲಾಲಮ್ ಪಂದ್ಯವನ್ನು ರೂಪಿಸಿದವರು ಆರ್ನಾಲ್ಡ್ ಲನ್. ಮೆರಿಬೆಲ್‌ನ ವಿಹಾರಸ್ಥಾನಕ್ಕೆ 1938ರಲ್ಲಿ ಬುನಾದಿ ಹಾಕಿದವರು ಸ್ಕಾಟ್‌ಲೆಂಡಿನ ಪೀಟರ್ ಲಿಂಡ್ಸೆ. ಅಲ್ಲಿಂದ ಮುಂದೆ ಎಷ್ಟೋ ತಲೆಮಾರಿನ ಬ್ರಿಟಿಷ್ ತರುಣರು ಆ ಊರುಗಳ ಮರದ ಅತಿಥಿಗೃಹಗಳಲ್ಲಿ ಅಡಿಗೆ ಮಾಡಿ, ಹಾಸಿಗೆ ಹಾಸಿ, ಉಳಿದ ಹೊತ್ತಿನಲ್ಲಿ ಸ್ಕೀ ಆಡಿದರು. ಆದರೆ ಬ್ರಿಟನ್ 2020ರಲ್ಲಿ ಐರೋಪ್ಯ ಒಕ್ಕೂಟದಿಂದ ಹೊರಬಂತು. 2021ರಿಂದ ಆ ಬಾಗಿಲು ಮೊದಲಿನಂತೆ ತೆರೆದಿಲ್ಲ. ಪ್ರವಾಸಿಯಾಗಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ದುಡಿಯುವುದಕ್ಕೆ ಬೇರೆ ಅನುಮತಿಪತ್ರ ಬೇಕು. ತೊಂಬತ್ತು ದಿನಗಳಲ್ಲಿ ಐದು ತಿಂಗಳ ಋತು ಮುಗಿಯುವುದುಂಟೆ? ಐರಿಷ್ ಪಾಸ್‌ಪೋರ್ಟ್ ಹೊಂದಿದ್ದ ಸಹಪಾಠಿಯೊಬ್ಬಳು ನಿಶ್ಚಿಂತೆಯಿಂದ ವಾಲ್ ದಿಜೇರ್‌ನಲ್ಲಿ ಕೆಲಸ ಹುಡುಕತೊಡಗಿದಾಗ, ಇವಳ ಪಟ್ಟಿಯ ಅರ್ಧಭಾಗ ಒಂದೇ ಸಂಜೆಯಲ್ಲಿ ಅಳಿಸಿಹೋಯಿತು.

ಉಳಿದದ್ದು ಕೆನಡ. ಆ ದೇಶ ಬ್ರಿಟನ್ನಿನ ತರುಣರಿಗೆ ದುಡಿಯುತ್ತ ಪ್ರವಾಸ ಮಾಡುವ ಪರವಾನಗಿಯನ್ನು ಕೊಡುತ್ತದೆ. 2024ರಿಂದ ವಯೋಮಿತಿ 35ಕ್ಕೆ ಏರಿದೆ. ಅರ್ಜಿದಾರರ ಸಮೂಹದಿಂದ ಲಾಟರಿಯಂತೆ ಹೆಸರುಗಳನ್ನು ಎತ್ತಿ ಆಹ್ವಾನ ಕಳುಹಿಸುತ್ತಾರೆ. ಕೈಯಲ್ಲಿ 2,500 ಕೆನಡ ಡಾಲರ್ ಇರುವುದನ್ನೂ, ಇರುವಷ್ಟು ಕಾಲಕ್ಕೆ ಆರೋಗ್ಯವಿಮೆ ಇರುವುದನ್ನೂ ತೋರಿಸಬೇಕು.

ಮೈಸೂರಿನಲ್ಲಿದ್ದ ಚಿಕ್ಕಪ್ಪನ ಮಗ ಇದನ್ನು ಕೇಳಿ, “ಅಕ್ಕ, ನಾನೂ ಬರಬಹುದೇನು?” ಎಂದು ಉತ್ಸಾಹದಿಂದ ಬರೆದ. ಭಾರತದ ಪಾಸ್‌ಪೋರ್ಟಿಗೆ ಕೆನಡದ ಆ ಬಾಗಿಲು ಇರಲಿಲ್ಲ. ಆದರೆ ಅದೇ 2024ರಲ್ಲಿ ಆಸ್ಟ್ರೇಲಿಯ ಇಂಥದೇ ಒಂದು ಬಾಗಿಲನ್ನು ಭಾರತೀಯರಿಗೆ ತೆರೆದಿತ್ತು: 18ರಿಂದ 30ರ ವಯಸ್ಸಿನವರಿಗೆ ವರ್ಷಕ್ಕೆ 1,000 ಸ್ಥಾನ, ಲಾಟರಿಯ ಮೂಲಕ ಆಯ್ಕೆ, ಶಾಲೆಯ ಮೇಲೆ ಎರಡು ವರ್ಷದ ವ್ಯಾಸಂಗ ಮುಗಿದಿರಬೇಕು. ಆಸ್ಟ್ರೇಲಿಯದಲ್ಲಿ ಹಿಮವೆಲ್ಲಿ ಎಂದು ಅವನು ನಕ್ಕ. ಜೂನಿನಿಂದ ಅಕ್ಟೋಬರಿನ ಆರಂಭದವರೆಗೆ ಥ್ರೆಡ್‌ಬೊ, ಪೆರಿಷರ್ ಎಂಬ ಬೆಟ್ಟದೂರುಗಳಲ್ಲಿ ಸ್ಕೀ ಆಟ ನಡೆಯುತ್ತದೆಂದು ತಿಳಿದ ಮೇಲೆ ನಗು ನಿಲ್ಲಿಸಿ ನಕ್ಷೆ ಬಿಡಿಸಿದ. ಒಂದೇ ಮನೆತನದ ಇಬ್ಬರು ಮಕ್ಕಳು. ಕೈಯಲ್ಲಿರುವ ಸಣ್ಣ ಪುಸ್ತಕ ಬೇರೆಯಾದ ಮಾತ್ರಕ್ಕೆ ಒಬ್ಬಳ ಚಳಿಗಾಲ ಉತ್ತರ ಗೋಳದಲ್ಲಿ, ಇನ್ನೊಬ್ಬನದು ದಕ್ಷಿಣ ಗೋಳದಲ್ಲಿ!

ಕೆನಡದಲ್ಲಿ ಯಾವ ಊರು ಎಂಬುದು ಮುಂದಿನ ಪ್ರಶ್ನೆ. ಎಲ್ಲರ ಬಾಯಲ್ಲೂ ಇದ್ದ ಹೆಸರು ವಿಸ್ಲರ್. 1966ರಲ್ಲಿ ಆರಂಭವಾದ ವಿಸ್ಲರ್ ಬೆಟ್ಟವನ್ನೂ 1980ರಲ್ಲಿ ಆರಂಭವಾದ ಬ್ಲ್ಯಾಕ್‌ಕೋಂಬ್ ಬೆಟ್ಟವನ್ನೂ 2008ರಿಂದ 4.4 ಕಿಲೋಮೀಟರ್ ಉದ್ದದ ತೂಗುವ ಗೊಂಡೋಲಾ ಜೋಡಿಸುತ್ತದೆ. 2010ರ ಒಲಿಂಪಿಕ್ ಪಂದ್ಯಗಳನ್ನು ಕಂಡ ಇಳಿಜಾರುಗಳವು. ವಿಸ್ತಾರ 8,000 ಎಕರೆಗೂ ಹೆಚ್ಚು. ಹುಡುಗಿ ಮನಸೋತಳು. ತಾಯಿ ಮಾತ್ರ ಬೇರೆ ಪ್ರಶ್ನೆಗಳನ್ನು ಕೇಳಿದರು. ಅವರು ಆಸ್ಪತ್ರೆಯ ಅಪಘಾತ ವಿಭಾಗದಲ್ಲಿ ಕೆಲಸ ಮಾಡುವವರು.

“ಮೊಣಕಾಲು ತಿರುಚಿಕೊಂಡರೆ ಏನು ಮಾಡುತ್ತೀಯೆ?”

“ಬ್ಯಾಂಡೇಜು ಕಟ್ಟಿಕೊಳ್ಳುತ್ತೇನೆ, ಅಮ್ಮ.”

“ಅದಲ್ಲ ಕಣೆ ನಾನು ಕೇಳಿದ್ದು. ಈ ಆಟದಲ್ಲಿ ಮೊಣಕಾಲಿನ ಒಳಗಿನ ಕಟ್ಟು ಹರಿಯುವುದು ಸಾಮಾನ್ಯ. ಹರಿದರೆ ತಿಂಗಳುಗಟ್ಟಲೆ ನಿಲ್ಲುವ ಕೆಲಸ ಮಾಡುವಂತಿಲ್ಲ. ಕೆಲಸ ಹೋದರೆ, ಕೆಲಸದವರು ಕೊಟ್ಟ ಕೋಣೆಯೂ ಹೋಗುತ್ತದಲ್ಲವೆ? ಆ ರಾತ್ರಿ ಎಲ್ಲಿ ಮಲಗುತ್ತೀಯೆ?”

ಹುಡುಗಿಯಲ್ಲಿ ಉತ್ತರವಿರಲಿಲ್ಲ. ಆದರೆ ಋತುವಿನ ಬದುಕಿನ ಗುಟ್ಟು ಆ ಒಂದು ಪ್ರಶ್ನೆಯಲ್ಲಿತ್ತು. ಹಿಮದ ಊರುಗಳಲ್ಲಿ ಬಾಡಿಗೆಯ ಕೋಣೆ ದುರ್ಲಭ. ವಿಸ್ಲರ್‌ನ ಮನೆಗಳ ಅಭಾವವಂತೂ ಹೆಸರಾಂತದ್ದು. ಆದುದರಿಂದ ಕೋಣೆ ಸಹಿತವಾದ ಕೆಲಸವನ್ನು ಮೊದಲು ಗೊತ್ತುಮಾಡಿಕೊಂಡು, ಗಾಯಗೊಂಡವರನ್ನು ಎಷ್ಟು ದಿನ ಇರಗೊಡುತ್ತಾರೆಂದು ಬರಹದಲ್ಲಿಯೇ ಕೇಳಿ, ಆಮೇಲೆ ಬೆಟ್ಟದ ಮಾತನ್ನು ಆಡಬೇಕು. ವಿಮೆ ಮಾಡಿಸುವಾಗಲೂ ಸ್ಕೀ ಆಟದ ಅಪಘಾತ, ಬೆಟ್ಟದ ಮೇಲಿಂದ ಹೊತ್ತು ತರುವ ವೆಚ್ಚ, ಊರಿಗೆ ಮರಳಿಸುವ ವೆಚ್ಚ ಇವೆಲ್ಲ ಸೇರಿವೆಯೇ ಎಂದು ಸಾಲುಸಾಲಾಗಿ ಓದಬೇಕು.

ತಾಯಿಯ ಇನ್ನೊಂದು ಭಯ ಹಿಮಕುಸಿತದ್ದು. ಅದು ಬರಿಯ ಹೆಂಗರುಳಿನ ಭಯವಾಗಿರಲಿಲ್ಲ. 1970ರ ಫೆಬ್ರವರಿ 10ರ ಬೆಳಗ್ಗೆ ವಾಲ್ ದಿಜೇರ್‌ನ ಯುವಜನರ ವಸತಿಗೃಹದ ಮೇಲೆ ಹಿಮ ಕುಸಿದು ಉಪಾಹಾರಕ್ಕೆ ಕುಳಿತಿದ್ದ 39 ಮಂದಿ ಸತ್ತರು; ಮರುವರ್ಷವೇ ಹಿಮಕುಸಿತದ ಅಧ್ಯಯನಕ್ಕೆಂದು ಫ್ರಾನ್ಸಿನಲ್ಲಿ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ಈಗ ಅಪಾಯವನ್ನು ಒಂದರಿಂದ ಐದರವರೆಗೆ ಎಣಿಸಿ ದಿನವೂ ಪ್ರಕಟಿಸುತ್ತಾರೆ. ಐದೆಂದರೆ ಎಲ್ಲರೂ ಒಳಗೆ ಕೂರುತ್ತಾರೆ. ನಡುವಿನ ಮೂರನ್ನು ಕಂಡು ಪರವಾಗಿಲ್ಲವೆಂದುಕೊಂಡು ಹೊರಟವರಲ್ಲೇ ಸಾವು ಹೆಚ್ಚು. ಗುರುತು ಹಾಕಿದ ಜಾಡನ್ನು ಬಿಟ್ಟು ಹೋಗುವವರ ಬಳಿ ಸಂಕೇತಯಂತ್ರ, ಸಲಿಕೆ, ಹಿಮವನ್ನು ಚುಚ್ಚಿ ನೋಡುವ ಕೋಲು ಈ ಮೂರೂ ಇರಬೇಕು. ಅದಕ್ಕಿಂತ ಹೆಚ್ಚಾಗಿ ಅವುಗಳನ್ನು ಬಳಸಬಲ್ಲ ಜೊತೆಗಾರರಿರಬೇಕು. ಹೂತುಹೋದವನ ಬದುಕು ನಿಮಿಷಗಳ ಲೆಕ್ಕ. ಮೊದಲ ಋತುವಿನಲ್ಲಿ ಜಾಡು ಬಿಡುವುದಿಲ್ಲವೆಂದು ಮಗಳು ಮಾತು ಕೊಟ್ಟಳು. ತಾಯಿ ಅದನ್ನು ಬರೆಸಿಕೊಂಡರು.

ಹೀಗೆ ಪ್ರಶ್ನೆಗಳು ಬದಲಾದಂತೆ ಊರೂ ಬದಲಾಯಿತು. ವಿಸ್ಲರ್ ಗ್ರಾಮ ಸಮುದ್ರಮಟ್ಟದಿಂದ ಸುಮಾರು 675 ಮೀಟರ್ ಮಾತ್ರ. ಸಾಗರಕ್ಕೆ ಹತ್ತಿರವಾದುದರಿಂದ ಬೆಟ್ಟದ ಮೇಲೆ ಹಿಮ ಸುರಿಯುವಾಗ ಕೆಳಗೆ ಮಳೆ ಬೀಳುವುದೂ ಉಂಟು. ಒಳನಾಡಿನ ರಾಕಿ ಪರ್ವತಗಳ ನಡುವೆ, 1885ರಲ್ಲಿ ಮೊದಲುಗೊಂಡ ರಾಷ್ಟ್ರೀಯ ಉದ್ಯಾನದಲ್ಲಿ, ಸುಮಾರು 1,380 ಮೀಟರ್ ಎತ್ತರದಲ್ಲಿರುವ ಬ್ಯಾನ್ಫ್ ಪಟ್ಟಣದ್ದು ಬೇರೆ ಗುಣ. ಅಲ್ಲಿ ಶೂನ್ಯದ ಕೆಳಗೆ ಇಪ್ಪತ್ತು ಮೂವತ್ತು ಡಿಗ್ರಿ ಚಳಿ ಬಂದೀತು. ಆದರೆ ಹಿಮ ಒಣಗಿ ಹಗುರವಾಗಿರುತ್ತದೆ. ನಾರ್ಕ್ವೇ, ಸನ್‌ಶೈನ್, ಲೇಕ್ ಲೂಯೀಸ್ ಎಂಬ ಮೂರು ಬೆಟ್ಟಗಳಿಗೆ ಪಟ್ಟಣದಿಂದ ಬಸ್ಸಿದೆ. ಊರಿನಲ್ಲಿ ಆಸ್ಪತ್ರೆಯುಂಟು, ಗ್ರಂಥಾಲಯವುಂಟು, ಶಾಲೆಗೆ ಹೋಗುವ ಮಕ್ಕಳುಂಟು. ಹಣವಿದ್ದ ಮಾತ್ರಕ್ಕೆ ಅಲ್ಲಿ ಯಾರೂ ಮನೆ ಮಾಡುವಂತಿಲ್ಲ. ಅಲ್ಲಿ ನೆಲೆಸಲು ಕೆಲಸದಂಥ ಕಾರಣ ಬೇಕೆಂಬ ನಿಯಮವಿದೆ. ದುಡಿಯುವವರಿಗಾಗಿ ಮೀಸಲಿಟ್ಟ ಊರೆಂಬ ಈ ಸಂಗತಿ ತಂದೆಗೆ ಬಹಳ ಹಿಡಿಸಿತು.

2025ರ ಮೊದಲ ತಿಂಗಳುಗಳಲ್ಲಿ ಕೆನಡದ ಆಹ್ವಾನ ಬಂತು. ಬೇಸಗೆಯಲ್ಲಿ ಬ್ಯಾನ್ಫಿನ ಹೋಟೆಲೊಂದರ ಅಡಿಗೆಮನೆಯಲ್ಲಿ ಕೆಲಸ ಗೊತ್ತಾಯಿತು. ಪಾತ್ರೆ ತೊಳೆಯುವುದು, ತರಕಾರಿ ಹೆಚ್ಚುವುದು. ವಾರದಲ್ಲಿ ಐದು ದಿನ ಮಧ್ಯಾಹ್ನದ ಮೇಲೆ ಕೆಲಸ, ಎರಡು ದಿನ ಬಿಡುವು. ಬೆಳಗಿನ ಬೆಳಕು ಪೂರ್ತಿ ಅವಳದು. ಆಲ್ಬರ್ಟಾ ಪ್ರಾಂತದಲ್ಲಿ ಗಂಟೆಗೆ 15 ಡಾಲರಿನ ಕನಿಷ್ಠ ವೇತನ 2018ರಿಂದ ನಡೆದುಬಂದಿತ್ತು. ಕೋಣೆಯ ಬಾಡಿಗೆ, ಲಿಫ್ಟಿನ ಋತುಪತ್ರ, ಊಟ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಲೆಕ್ಕವನ್ನು ಅವಳೇ ಬರೆದು ತಂದೆಯ ಮುಂದಿಟ್ಟಳು. ಹಿಂದಿನ ಅಕ್ಟೋಬರಿನ ಪಟ್ಟಿಯಲ್ಲಿದ್ದ ಮೀಟರುಗಳ ಅಂಕಿಗಳು ಅದರಲ್ಲಿ ಒಂದೂ ಇರಲಿಲ್ಲ.

“ಪಾತ್ರೆ ತೊಳೆಯುವುದಕ್ಕೆ ಅಷ್ಟು ದೂರ ಹೋಗಬೇಕೇನೆ?” ಎಂದು ಅಜ್ಜಿ ಮತ್ತೆ ಕೇಳಿದರು. ಈ ಸಲ ಮೊಮ್ಮಗಳೇ ಉತ್ತರ ಕೊಟ್ಟಳು: “ನನ್ನ ತಟ್ಟೆಯನ್ನು ಇಲ್ಲಿ ಅಮ್ಮ ತೊಳೆಯುತ್ತಾಳೆ, ಅಜ್ಜಿ. ಅಲ್ಲಿ ಮೊದಲನೆಯ ಸಲ ಬೇರೆಯವರ ತಟ್ಟೆಯನ್ನು ನಾನು ತೊಳೆಯುತ್ತೇನೆ.” ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ವರ್ಷ ದಂಡವೇನಲ್ಲ ಬಿಡು” ಎಂದರು.

ನವೆಂಬರಿನಲ್ಲಿ ಅವಳು ಕ್ಯಾಲ್ಗರಿಯ ವಿಮಾನ ಹತ್ತಿದಳು. ಪೆಟ್ಟಿಗೆಯಲ್ಲಿ ಉಣ್ಣೆಯ ಕೈಗವಸುಗಳ ಜೊತೆಗೆ ಸಾರಿನ ಪುಡಿಯ ಡಬ್ಬಿಯಿತ್ತು. ಅದರ ಕೆಳಗೆ, ತಾಯಿ ಬರೆಸಿಕೊಂಡ ಮಾತಿನ ಪತ್ರದ ಪ್ರತಿಯೊಂದು ಮಡಿಸಿ ಇಟ್ಟಿತ್ತು.