ಮಾಲೀಕ ಸುಳ್ಳು ಹೇಳಿದ... ಕಾರು ಹೇಳಲಿಲ್ಲ!

ಹೀರೋ ಕಾರಿನಿಂದ ಇಳಿಯುವ ಸೀನು ಬಂದರೆ ನಾವೆಲ್ಲ ಶಿಳ್ಳೆ ಹೊಡೆಯುತ್ತೇವೆ. ಶಿಳ್ಳೆ ಅರ್ಧ ಹೀರೋಗೆ, ಅರ್ಧ ಕಾರಿಗೆ! 1964ರ 'ಗೋಲ್ಡ್‌ಫಿಂಗರ್' ಚಿತ್ರದಲ್ಲಿ ಬಾಂಡ್ ಓಡಿಸಿದ ಆಸ್ಟನ್ ಮಾರ್ಟಿನ್ ಡಿಬಿ5 ಕಾರನ್ನು ಜನ ಇವತ್ತಿಗೂ ಮರೆತಿಲ್ಲ. 1968ರ 'ಬುಲಿಟ್' ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋ ಬೀದಿಗಳ ಏರುತಗ್ಗಿನಲ್ಲಿ ಹಾರಿಸಿದ ಹಸಿರು ಮಸ್ಟಾಂಗ್ ಕಥೆಯಂತೂ ಇನ್ನೂ ರೋಚಕ. 1974ರಲ್ಲಿ ಜಾಹೀರಾತು ನೋಡಿ ಒಬ್ಬರು ಅದನ್ನು ಸೆಕೆಂಡ್‌ಹ್ಯಾಂಡ್ ಆಗಿ ಕೊಂಡರು. ಮನೆಯವರು ಅದನ್ನು ದಶಕಗಟ್ಟಲೆ ಗುಟ್ಟಾಗಿಟ್ಟಿದ್ದರು. 2020ರ ಜನವರಿಯಲ್ಲಿ ಹರಾಜಿಗೆ ಬಂದಾಗ ಕಮಿಷನ್ ಸೇರಿ 37 ಲಕ್ಷ 40 ಸಾವಿರ ಡಾಲರ್! ಬಣ್ಣ ಮಾಸಿತ್ತು, ಮೈ ಸವೆದಿತ್ತು. ಆದರೂ ಅಷ್ಟು ದುಡ್ಡು ಯಾಕೆ? ಅದರ ಚಾಸಿ ನಂಬರಿಗೂ ಕಾಗದಪತ್ರಕ್ಕೂ ತಾಳೆಯಾಗುತ್ತಿತ್ತು. ಅದರ ಕಥೆಯಲ್ಲಿ ಸುಳ್ಳಿರಲಿಲ್ಲ.

ಹಳೆಯ ಕಾರಿಗೆ ಬೆಲೆ ಬರುವುದು ಹೊಳಪಿನಿಂದಲ್ಲ ಮಿತ್ರರೇ, ನಿಜದಿಂದ. ಇದನ್ನು ನಾನು ಕಣ್ಣಾರೆ ಕಂಡದ್ದು 2025ರ ಮಾರ್ಚ್ ತಿಂಗಳಲ್ಲಿ.

ನಾನು ಪಿಯುಸಿ ಅರ್ಧಕ್ಕೇ ಬಿಟ್ಟವನು. ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯುವುದಕ್ಕೆ ಮುಂಚೆ ಎರಡು ವರ್ಷ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದಿದ್ದೆ. ಹಾಗಾಗಿ ನಮ್ಮ ಬಂಧುಬಳಗದಲ್ಲಿ ಯಾರು ಹಳೆಯ ಗಾಡಿ ಕೊಂಡರೂ ನನಗೇ ಬುಲಾವ್. ಈ ಸಲ ಕರೆದದ್ದು ತಿಪಟೂರಿನ ಸೋದರಮಾವನ ಮಗ, ನನ್ನ ಭಾವ. ಮಾವನ ತೆಂಗಿನ ತೋಟದಲ್ಲಿ ಒಂದು ಪಟ್ಟಿ ರಸ್ತೆ ಅಗಲೀಕರಣಕ್ಕೆ ಹೋಗಿ ಪರಿಹಾರದ ಹಣ ಬಂದಿತ್ತು. ಅದರಲ್ಲಿ ಭಾವನ ಪಾಲು ಬ್ಯಾಂಕಿನಲ್ಲಿತ್ತು.

"ಪೋರ್ಷೆ ಕಣೋ! ಕೇಮನ್ ಎಸ್. 2007ರ ಮಾಡೆಲ್ಲು, ಕೆಂಪು. ಬರೀ 23 ಸಾವಿರ ಕಿಲೋಮೀಟರ್ ಓಡೈತಂತೆ. 26 ಲಕ್ಷ ಹೇಳ್ತಾವ್ರೆ. ನೀನು ಬಂದು ಹೂಂ ಅಂದ್ರೆ ಅಡ್ವಾನ್ಸ್ ಕೊಟ್ಬಿಡ್ತೀನಿ!"

"ಭಾವ, ನಾನು ಬರೋವರೆಗೂ ಒಂದು ರೂಪಾಯಿ ಕೊಡಬೇಡಿ" ಎಂದೆ.

ಬೆಂಗಳೂರಿನ ಒಂದು ಬಂಗಲೆಯ ಮುಂದೆ ಕಾರು ನಿಂತಿತ್ತು. ಎರಡೇ ಸೀಟು, ಎರಡೇ ಬಾಗಿಲು. ಮುಂದಿನ ಬಾನೆಟ್ ಎತ್ತಿದರೆ ಪೆಟ್ಟಿಗೆ ಇಡುವ ಜಾಗ, ಹಿಂದೆ ಎತ್ತಿದರೂ ಅದೇ! ಎಂಜಿನ್ ಇರುವುದು ಸೀಟುಗಳ ಬೆನ್ನ ಹಿಂದೆ, ಕಾರ್ಪೆಟ್ ಕೆಳಗೆ. ಆರು ಸಿಲಿಂಡರ್, ಮೂರು ಈ ಕಡೆ ಮೂರು ಆ ಕಡೆ ಮಲಗಿಸಿಟ್ಟದ್ದು. 3387 ಸಿಸಿ, 295 ಕುದುರೆಬಲ, ಗೇರು ಕೈಯಲ್ಲಿ ಹಾಕುವ ಮಾದರಿಯಾದರೆ ಗಂಟೆಗೆ 275 ಕಿಲೋಮೀಟರ್ ವೇಗ. ಭಾವ ಅದನ್ನು ನೋಡುತ್ತಿದ್ದ ರೀತಿ ನೋಡಿದರೆ, ನಾನು ಬೇಡ ಅಂದರೆ ನನ್ನನ್ನೇ ಬಿಟ್ಟಾನೇ ಹೊರತು ಕಾರನ್ನಲ್ಲ!

ನಾನು ಮೊದಲು ಹೋಗಿ ಕೈ ಇಟ್ಟದ್ದು ಸೈಲೆನ್ಸರ್ ಹತ್ತಿರ. ಬಿಸಿ! ನಾವು ಬರುವ ಮುಂಚೆಯೇ ಎಂಜಿನ್ ಕಾಯಿಸಿಟ್ಟಿದ್ದರು. "ನಾಳೆ ಬೆಳಗ್ಗೆ ಏಳಕ್ಕೆ ಬರ್ತೀವಿ ಸಾರ್, ಅಲ್ಲೀತನಕ ಚಾಲೂ ಮಾಡಬೇಡಿ" ಎಂದು ಭಾವನ ತೋಳು ಹಿಡಿದು ಹೊರಟೆ.

ಯಾಕೆ ಅಂತೀರಾ? ಎಂಜಿನ್ನಿನ ಕಾಯಿಲೆ ಗೊತ್ತಾಗುವುದು ತಣ್ಣಗಿರುವಾಗ ಚಾಲೂ ಮಾಡಿದರೆ. ಮಲಗಿದ ಸಿಲಿಂಡರಿನ ಎಂಜಿನ್ ಮೊದಲ ಕ್ಷಣ ಒಂದಿಷ್ಟು ಹೊಗೆ ಬಿಟ್ಟರೆ ಹೆದರಬೇಕಿಲ್ಲ. ಒಳಗೆ ಜಿನುಗಿದ ಆಯಿಲ್ ಸುಡುವ ಹೊಗೆ ಅದು. ಬಿಡುತ್ತಲೇ ಇದ್ದರೆ ಮಾತ್ರ ಸಂಶಯ ಪಡಿ.

ಮಾರನೆಯ ದಿನ ನನಗೆ ಕೆಲಸ ಕಲಿಸಿದ ಮೇಸ್ತ್ರಿಯನ್ನೂ ಕರೆದುಕೊಂಡು ಹೋದೆ. ಕಾರು ಒಂದು ಸಲ ಹೊಗೆ ಬಿಟ್ಟು ಸುಮ್ಮನಾಯಿತು. ಮೇಸ್ತ್ರಿ ಬಣ್ಣದ ದಪ್ಪ ಅಳೆಯುವ ಯಂತ್ರ ಹಿಡಿದು ಸುತ್ತಿದರು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಬಾಗಿಲಿನಲ್ಲಿ 240 ತೋರಿಸಿತು. ಮತ್ತೆ ಬಣ್ಣ ಹೊಡೆದಿದ್ದಾರೆ, ಆದರೆ ಪುಟ್ಟಿ ಮೆತ್ತಿಲ್ಲ. ಅದು ಕ್ಷಮಿಸಬಹುದಾದ ತಪ್ಪು. ನಾನು ಸೀಟ್ ಬೆಲ್ಟನ್ನು ಕೊನೆಯತನಕ ಎಳೆದು ನೋಡಿದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ನೆರೆಗೆ ಎಷ್ಟೋ ದುಬಾರಿ ಕಾರುಗಳು ಮುಳುಗಿದ್ದವು. ಅಂಥ ಕಾರನ್ನು ತೊಳೆದು ಸೆಂಟು ಹೊಡೆದರೂ ಬೆಲ್ಟಿನ ಒಳಸುರುಳಿಯಲ್ಲಿ ಕೆಸರಿನ ಗೆರೆ ಉಳಿಯುತ್ತದೆ. ಇದರಲ್ಲಿ ಇರಲಿಲ್ಲ. ಟೈರಿನ ಮೇಲಿನ ನಾಲ್ಕು ಅಂಕಿ ಓದಿದೆ. 2317 ಅಂದರೆ 2017ನೇ ಇಸವಿಯ 23ನೇ ವಾರ ತಯಾರಾದದ್ದು. ಗುಂಡಿ ಆಳವಿದ್ದರೂ ರಬ್ಬರಿಗೆ ವಯಸ್ಸಾಗಿತ್ತು. ನಾಲ್ಕೂ ಬದಲಿಸಬೇಕು.

ಈ ತಲೆಮಾರಿನ ಎಂಜಿನ್ನಿಗೆ ಎರಡು ಭಯಗಳುಂಟು. ಒಂದು, ಸಿಲಿಂಡರ್ ಗೋಡೆ ಗೀರಿಕೊಳ್ಳುವುದು. ಇನ್ನೊಂದು, ಒಳಗಿನ ಮಧ್ಯದ ಶಾಫ್ಟಿನ ಬೇರಿಂಗು. 2006ರಿಂದ 2008ರವರೆಗಿನ ಎಂಜಿನ್ನಿನಲ್ಲಿ ಆ ಬೇರಿಂಗು ದೊಡ್ಡದು, ಗಟ್ಟಿ. ಆದರೆ ಬದಲಿಸಬೇಕಾದರೆ ಇಡೀ ಎಂಜಿನ್ ಬಿಚ್ಚಬೇಕು. 2009ರ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಮೇಸ್ತ್ರಿ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಣ್ಣ ಕ್ಯಾಮೆರಾ ಇಳಿಸಿದರು. ಆರೂ ಸಿಲಿಂಡರು ಕನ್ನಡಿ! ಭಾವನ ಮುಖ ಊರ ಜಾತ್ರೆಯಂತೆ ಅರಳಿತು.

ಕೊನೆಗೆ ಮೇಸ್ತ್ರಿ ಲ್ಯಾಪ್‌ಟಾಪಿನ ತಂತಿಯನ್ನು ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿದರು. ಈ ಕಾರಿನ ಎಂಜಿನ್ ಕಂಪ್ಯೂಟರು ಒಂಥರಾ ಚಿತ್ರಗುಪ್ತ. ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿತು, ಯಾವ ಗಂಟೆಯಲ್ಲಿ ಮಿತಿ ಮೀರಿ ತಿರುಗಿತು, ಎಲ್ಲ ಬರೆದಿಡುತ್ತದೆ. ಐದನೇ ಗೇರಿನಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿದರೆ ಚಕ್ರವೇ ಎಂಜಿನ್ನನ್ನು ಎಳೆದು ತಿರುಗಿಸುತ್ತದೆ. ಪೆಟ್ರೋಲ್ ನಿಲ್ಲಿಸಿದರೂ ಅದನ್ನು ತಡೆಯಲಾಗದು. ಅಂಥದ್ದು ದೊಡ್ಡದಾಗಿ ಏನೂ ಇರಲಿಲ್ಲ. ಆದರೆ ಗಂಟೆಗಳ ಲೆಕ್ಕ ನೋಡಿ ಮೇಸ್ತ್ರಿ ಕನ್ನಡಕ ತೆಗೆದರು.

2,710 ಗಂಟೆ!

ಮೀಟರಿನಲ್ಲಿದ್ದದ್ದು 23,400 ಕಿಲೋಮೀಟರ್. ಭಾಗಿಸಿ ನೋಡಿ. ಸರಾಸರಿ ಗಂಟೆಗೆ ಒಂಬತ್ತು ಕಿಲೋಮೀಟರೂ ಇಲ್ಲ. ಸೈಕಲ್ ತುಳಿಯುವ ಪೇಪರ್ ಹುಡುಗ ಇದಕ್ಕಿಂತ ಬೇಗ ಹೋಗುತ್ತಾನೆ! ಬೆಂಗಳೂರಿನ ಟ್ರಾಫಿಕ್ಕನ್ನು ಎಷ್ಟು ಬೈದರೂ, ಗಂಟೆಗೆ 25ರಂತೆ ಹಿಡಿದರೂ 67 ಸಾವಿರ ದಾಟುತ್ತದೆ. ಸವೆದ ಕ್ಲಚ್ ಪೆಡಲಿನ ರಬ್ಬರು, ಎಣ್ಣೆ ಹಚ್ಚಿದಂತೆ ಮಿಂಚುವ ಸ್ಟಿಯರಿಂಗ್ ಚರ್ಮ, ಎಲ್ಲವೂ ಅದನ್ನೇ ಹೇಳುತ್ತಿದ್ದವು.

ಮಾಲೀಕರು ತಡವರಿಸಿದರು. "ಮೀಟರ್ ಬೋರ್ಡ್ ಯಾವಾಗ್ಲೋ ಚೇಂಜ್ ಮಾಡ್ಸಿದ್ದು ಇರ್ಬೋದು... ಹೋಗ್ಲಿ ಬಿಡಿ, 22ಕ್ಕೆ ಮುಗಿಸೋಣ."

ಭಾವ ನನ್ನ ಕಿವಿಯಲ್ಲಿ, "ನಾಲ್ಕು ಲಕ್ಷ ಕಮ್ಮಿ ಮಾಡ್ದ ಕಣೋ! ಎಂಜಿನ್ ಗಟ್ಟಿ ಐತಲ್ಲ?"

"ಎಂಜಿನ್ ಗಟ್ಟಿ ಇದೆ ಭಾವ. ಆದ್ರೆ ಮೀಟರ್ ತಿರುಗಿಸಿದವರು ಸರ್ವೀಸ್ ಪುಸ್ತಕಕ್ಕೆ ಸೀಲು ಒತ್ತಿಸಿಕೊಳ್ಳೋದು ಕಷ್ಟಾನಾ? ನಂಬರ್ ಪ್ಲೇಟ್ ನೋಡಿ, ಪಿವೈ. ಪುದುಚೇರಿ ಗಾಡಿ. ಎನ್‌ಒಸಿ ಕೇಳಿದ್ರೆ ಆಮೇಲೆ ಅಂತಾರೆ. ಇಲ್ಲಿನ ತೆರಿಗೆ ಕಟ್ಟಿಲ್ಲ. ಹೋದ ತಿಂಗಳು ಸಾರಿಗೆ ಇಲಾಖೆಯವರು ಒಂದೇ ದಿನ 30 ದುಬಾರಿ ಕಾರು ಹಿಡಿದ್ರಲ್ಲ, ಪೇಪರ್‌ನಲ್ಲಿ ಓದ್ಲಿಲ್ವಾ? ಆ ದಂಡಾನೂ ಮಾವನ ತೋಟದಿಂದ್ಲೇ ಕಟ್ತೀರಾ?"

ಭಾವ ಮಾತಾಡಲಿಲ್ಲ. ಹೋಗಿ ಆ ಕೆಂಪು ಕಾರಿನಲ್ಲಿ ಐದು ನಿಮಿಷ ಸುಮ್ಮನೆ ಕೂತ. ನನಗೆ ಕರುಳು ಚುರ್ ಎಂದಿತು, ಸುಳ್ಳೇಕೆ? ಆಮೇಲೆ ಇಳಿದು ಬಂದು ಕೀಲಿಯನ್ನು ಮಾಲೀಕರ ಕೈಗಿಟ್ಟು, "ಕಾರು ಚೆನ್ನಾಗೈತೆ ಸಾರ್" ಎಂದಷ್ಟೇ ಹೇಳಿದ.

ಬಸ್ಸಿನಲ್ಲಿ ಯಶವಂತಪುರ ದಾಟುವವರೆಗೂ ನನ್ನೊಡನೆ ಮಾತಿಲ್ಲ. ದಾಬಸ್‌ಪೇಟೆ ಹತ್ತಿರ ಕೇಳಿದ: "2009ರ ಮೇಲಿನ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ ಅಂದ್ಯಲ್ಲ, ನಿಜಾನಾ?" ನನಗೆ ನಗು ತಡೆಯಲಾಗಲಿಲ್ಲ. ಮಾವನಿಗೆ ವಿಷಯ ತಿಳಿದಾಗ, "ಆಸೆ ಪಡಬೇಡ ಅನ್ನಲ್ಲಪ್ಪ. ತೋಟ ಹೋದ ದುಡ್ಡು, ಮೋಸಕ್ಕೆ ಮಾತ್ರ ಹೋಗ್ಬಾರ್ದು" ಎಂದರು. ಭಾವ ಈಗಲೂ ಹುಡುಕುತ್ತಿದ್ದಾನೆ. ಆದರೆ ಮೊದಲು ಮೇಸ್ತ್ರಿಗೆ ಫೋನು, ಆಮೇಲೆ ಅಡ್ವಾನ್ಸು.

ನಿಮ್ಮ ಕನಸು ಕೇಮನ್ ಆಗಿರಲಿ, ಹಳೆಯ ಬೈಕೇ ಆಗಿರಲಿ, ಲೆಕ್ಕ ಒಂದೇ. ತಣ್ಣಗಿರುವಾಗ ಚಾಲೂ ಮಾಡಿಸಿ. ಚಾಸಿ ನಂಬರನ್ನು ಕಾಗದದ ಜೊತೆ ತಾಳೆ ನೋಡಿ. 15 ವರ್ಷ ದಾಟಿದ ಗಾಡಿಯಾದರೆ ಆರ್‌ಸಿ ನವೀಕರಣವಾಗಿದೆಯೇ ಕೇಳಿ. ನಿಮ್ಮ ಕಡೆಯ ಮೆಕ್ಯಾನಿಕ್ಕನ್ನೇ ಕರೆದೊಯ್ಯಿರಿ. ಬೇಡ ಅನ್ನಿಸಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಹೀರೋ ಆಗುವುದಕ್ಕೆ ಕೆಲವು ಸಲ ಕಾರು ಹತ್ತಬೇಕಾಗಿಲ್ಲ ಮಿತ್ರರೇ... ಇಳಿದರೂ ಸಾಕು!