ಫೋಟೋ ಬಂತು, ಹೆಸರು ಬರಲಿಲ್ಲ

ಹಳೇ ಫೋಟೋಗಳಲ್ಲಿ ಯಾರ್ಯಾರಿದ್ದಾರೆ ಅಂತ ಅಮ್ಮ ವಿಶಾಖಪಟ್ಟಣಕ್ಕೆ ಬಂದಿದ್ದಾಗ ಒಂದೊಂದಾಗಿ ಹೇಳಿದ್ದಳು. ಲಿನಕ್ಸ್ ಹುಚ್ಚಿನ ನಾನು 'ಸೆಟ್‌ಎಕ್ಸ್‌ಆಟರ್' ಅನ್ನೋ ಸಿಸ್ಟಂ ಕಾಲ್ ಬಳಸಿ ಆ ಹೆಸರುಗಳನ್ನ ಫೈಲುಗಳಿಗೇ ಚೀಟಿ ಥರ ಅಂಟಿಸಿದೆ. ಚಿತ್ರದ ಒಂದು ಬೈಟೂ ಬದಲಾಗಲ್ಲ. ಎಡವಟ್ಟೂ ಅಲ್ಲೇ ಇತ್ತು: ಚೀಟಿ ಇರೋದು ಫೋಟೋದೊಳಗಲ್ಲ, ಡಿಸ್ಕಿನ ಫೈಲ್‌ಸಿಸ್ಟಂನಲ್ಲಿ.

ಅಮ್ಮ ತೀರಿಕೊಂಡ ಮೇಲೆ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕ್ಕೊಂಡು, ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡದ ಅಕ್ಕನ ಮನೆಗೆ ಹೋದೆ. ಅಲ್ಲಿ ನೋಡಿದರೆ ಫೋಟೋ ಇವೆ, ಹೆಸರಿಲ್ಲ! ಪೆನ್‌ಡ್ರೈವಿನ ಫ್ಯಾಟ್ ಫೈಲ್‌ಸಿಸ್ಟಂನಲ್ಲಿ ಇಂಥ ಚೀಟಿಗೆ ಜಾಗವೇ ಇಲ್ಲ. ಬರೀ 'ಸಿಪಿ' ಅಂತ ಕೊಟ್ಟರೆ ಅದು ಚೀಟಿಯನ್ನ ಒಯ್ಯೋದೂ ಇಲ್ಲ, ಬಿಟ್ಟು ಬಂದೆ ಅಂತ ಹೇಳೋದೂ ಇಲ್ಲ.

"ಈ ಮೂಗುತಿಯಾಕೆ ಯಾರೋ?" ಅಂದಳು ಅಕ್ಕ. ನನಗೆ ನೆನಪಾಗಲಿಲ್ಲ.

ಪುಣ್ಯಕ್ಕೆ ವೈಜಾಗಿನ ಹಳೇ ಡಿಸ್ಕನ್ನ ಅಳಿಸಿರಲಿಲ್ಲ. ಮನೆಗೆ ಬಂದವನೇ ಎಲ್ಲ ಹೆಸರನ್ನೂ ಸಾದಾ ಟೆಕ್ಸ್ಟ್ ಫೈಲಿಗೆ ಇಳಿಸಿ, ಅಕ್ಕನಿಗೆ ಫೋನ್ ಮಾಡಿದೆ.

"ಅಮ್ಮನ ಸೋದರತ್ತೆ ಕಣೇ."